ಅಳದ ಮಗು ಜಾಣ ಮಗುವೇ?

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಎಲ್ಲರೂ ಬಲ್ಲ ಒಂದು ದೃಶ್ಯದಿಂದ ಮಾತು ಆರಂಭಿಸೋಣ. ಎರಡು ತಿಂಗಳ ರಜೆ ಮುಗಿದಿದೆ. ಮನೆಯ ಯಜಮಾನ ಅಂದು ರಾತ್ರಿ ಗಲ್ಫ್‌ಗೆ ಮರಳಬೇಕು. ಪೆಟ್ಟಿಗೆಗೆ ಹಗ್ಗ ಬಿಗಿದಾಗಿದೆ. ಹೊರಗೆ ವಾಹನ ಕಾದು ನಿಂತಿದೆ. ಎರಡೂವರೆ ವರ್ಷದ ಮಗು ಈ ಎರಡು ತಿಂಗಳಲ್ಲಿ ತಂದೆಯ ಹೆಗಲಿಗೆ ಒಗ್ಗಿಕೊಂಡಿದೆ. ಎಚ್ಚರವಾದರೆ ಅಳುತ್ತದೆ, ಬಿಡುವುದಿಲ್ಲ. ಆದ್ದರಿಂದ ಎಲ್ಲರೂ ಪಿಸುದನಿಯಲ್ಲಿ ಸಲಾಮ್ ಹೇಳಿ, ಮಗು ಮಲಗಿರುವಾಗಲೇ ತಂದೆಯನ್ನು ಕಳುಹಿಸಿಕೊಡುತ್ತಾರೆ. ಬೆಳಗ್ಗೆ ಎದ್ದ ಮಗು ಒಂದೊಂದೇ ಕೋಣೆಗೆ ಹೋಗಿ ಹುಡುಕುತ್ತದೆ. "ಬಾಪ ಅಂಗಡಿಗೆ ಹೋಗಿದ್ದಾರೆ, ಮಿಠಾಯಿ ತರುತ್ತಾರೆ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಮಗು ಒಂದು ದಿನ ಅಳುತ್ತದೆ, ಎರಡು ದಿನ ಕೇಳುತ್ತದೆ, ಒಂದು ವಾರದ ಬಳಿಕ ಕೇಳುವುದನ್ನು ನಿಲ್ಲಿಸುತ್ತದೆ. ಆಗ ಮನೆಮಂದಿ ನೆಮ್ಮದಿಯ ಉಸಿರು ಬಿಡುತ್ತಾರೆ. "ಜಾಣ ಮಗು, ಮರೆತುಬಿಟ್ಟಿತು" ಎನ್ನುತ್ತಾರೆ.

ಈ ಒಂದು ಮಾತನ್ನೇ ಇಂದು ಪರಿಶೀಲಿಸಬೇಕೆಂದಿದ್ದೇವೆ. ಮಗು ನಿಜವಾಗಿಯೂ ಮರೆತಿತೇ? ಅಥವಾ, ಕೇಳಿ ಪ್ರಯೋಜನವಿಲ್ಲವೆಂಬ ಪಾಠವನ್ನು ಕಲಿತಿತೇ?

ಇದು ಇನ್ನೊಬ್ಬರ ಮನೆಯನ್ನು ಟೀಕಿಸಲು ಆಡುವ ಮಾತಲ್ಲ. ನಾವೂ ಇಂತಹ ಮನೆಯಲ್ಲಿ ಬೆಳೆದವರೇ. ತಂದೆಯ ಮುಖಕ್ಕಿಂತ ಮೊದಲು ನಮಗೆ ಪರಿಚಯವಾದದ್ದು ಅವರು ಕ್ಯಾಸೆಟ್‌ನಲ್ಲಿ ತುಂಬಿ ಕಳುಹಿಸುತ್ತಿದ್ದ ಧ್ವನಿ. ಅವರು ಊರಿಗೆ ಬಂದ ದಿನ ನಾವು ಬಾಗಿಲ ಹಿಂದೆ ಅಡಗಿದೆವಂತೆ. ಅವರು ಹೆಸರು ಹಿಡಿದು ಕರೆದಾಗ ಅವರತ್ತ ನೋಡದೆ, ಮೇಜಿನ ಮೇಲಿದ್ದ ಟೇಪ್ ರೆಕಾರ್ಡರಿನತ್ತ ನೋಡಿದೆವಂತೆ. ಉಮ್ಮ ಇದನ್ನು ಹೇಳಿದಾಗಲೆಲ್ಲ ಮನೆಯಲ್ಲಿ ನಗು. ತಂದೆಯೂ ನಗುತ್ತಿದ್ದರು. ಆ ನಗುವಿನೊಳಗೆ ಏನಿತ್ತೆಂಬುದು ನಮಗೆ ಅರ್ಥವಾದದ್ದು ನಾವು ತಂದೆಯಾದ ಮೇಲೆ.

ಸಹೋದರರೇ, ಮಗುವಿನ ಮೌನವನ್ನು ತಪ್ಪಾಗಿ ಓದಿದವರು ನಾವು ಮಾತ್ರವಲ್ಲ. ಕಳೆದ ಶತಮಾನದ ಮಧ್ಯಭಾಗದವರೆಗೂ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾಖಲಾದ ಚಿಕ್ಕ ಮಕ್ಕಳನ್ನು ನೋಡಲು ಹೆತ್ತವರಿಗೆ ಮುಕ್ತ ಅವಕಾಶ ಇರಲಿಲ್ಲ. ಕೆಲವೆಡೆ ವಾರಕ್ಕೊಮ್ಮೆ, ಕೆಲವೆಡೆ ಅದೂ ಇಲ್ಲ. ಅದಕ್ಕೆ ಕೊಡುತ್ತಿದ್ದ ಕಾರಣ ನಮ್ಮ ಅಜ್ಜಿಯಂದಿರ ಮಾತಿಗಿಂತ ಭಿನ್ನವಾಗಿರಲಿಲ್ಲ: ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಜೇಮ್ಸ್ ರಾಬರ್ಟ್‌ಸನ್ ಎಂಬವರು ಈ ಹೊಂದಿಕೊಳ್ಳುವಿಕೆಯನ್ನು ಹತ್ತಿರದಿಂದ ನೋಡಿದರು. ಅದರಲ್ಲಿ ಅವರು ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದು ಪ್ರತಿಭಟನೆ: ಮಗು ಅಳುತ್ತದೆ, ಬಾಗಿಲನ್ನೇ ನೋಡುತ್ತದೆ. ಎರಡನೆಯದು ಹತಾಶೆ: ಅಳು ತಗ್ಗುತ್ತದೆ, ಮಗು ಮಂಕಾಗುತ್ತದೆ. ಮೂರನೆಯದು ವಿಮುಖತೆ: ಮಗು ಮತ್ತೆ ಆಡುತ್ತದೆ, ದಾದಿಯರೊಂದಿಗೆ ನಗುತ್ತದೆ, ಆದರೆ ತಾಯಿ ಬಂದಾಗ ಗುರುತೇ ಇಲ್ಲದಂತೆ ಮುಖ ತಿರುಗಿಸುತ್ತದೆ. ಆಸ್ಪತ್ರೆಯವರು 'ಹೊಂದಿಕೊಂಡಿದೆ' ಎಂದು ಬರೆದುಕೊಳ್ಳುತ್ತಿದ್ದುದು ಈ ಕೊನೆಯ ಎರಡು ಹಂತಗಳನ್ನು!

1952ರಲ್ಲಿ ರಾಬರ್ಟ್‌ಸನ್ ಒಂದು ಚಲನಚಿತ್ರವನ್ನು ಜನರ ಮುಂದಿಟ್ಟರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಿತ್ರ ಅದು. ಆಕೆ ಹೆಚ್ಚು ರಂಪ ಮಾಡುವವಳಲ್ಲ, ತಡೆದುಕೊಳ್ಳುವ ಸ್ವಭಾವದವಳು. ಆದರೂ ದಿನ ಕಳೆದಂತೆ ಆ ಪುಟ್ಟ ಮುಖದಲ್ಲಾದ ಬದಲಾವಣೆಯನ್ನು ಕ್ಯಾಮೆರಾ ಹಿಡಿದಿತ್ತು. ವೈದ್ಯರಲ್ಲಿ ಅನೇಕರು ಮೊದಲು ಸಿಟ್ಟಾದರು, ನಂಬಲಿಲ್ಲ. ಆದರೆ 1959ರಲ್ಲಿ ಅಲ್ಲಿನ ಸರಕಾರ ನೇಮಿಸಿದ್ದ ಪ್ಲಾಟ್ ಸಮಿತಿಯು, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ಹೆತ್ತವರಿಗೆ ನಿರ್ಬಂಧ ಇರಬಾರದೆಂದು ಶಿಫಾರಸು ಮಾಡಿತು. ಇಂದು ಮಗುವಿನ ಹಾಸಿಗೆಯ ಪಕ್ಕ ತಾಯಿ ಕುಳಿತುಕೊಳ್ಳುವುದು ನಮಗೆ ಸಹಜವೆನಿಸುತ್ತದೆ. ಅದು ಕೂಡಾ ಎಲ್ಲೋ ಒಂದು ಕಡೆ ಯಾರೋ ವಾದಿಸಿ ಪಡೆದ ಹಕ್ಕು.

ರಾಬರ್ಟ್‌ಸನ್ ಕೆಲಸ ಮಾಡುತ್ತಿದ್ದುದು ಜಾನ್ ಬೌಲ್ಬಿ ಎಂಬ ಮನೋವೈದ್ಯರ ಜೊತೆ. ಬೌಲ್ಬಿ ಶ್ರೀಮಂತ ಕುಟುಂಬದಲ್ಲಿ ಹುಟ್ಟಿದವರು. ಅವರನ್ನು ಎತ್ತಿ ಆಡಿಸಿದ್ದು ಒಬ್ಬ ದಾದಿ. ಅವರಿಗೆ ಸುಮಾರು ನಾಲ್ಕು ವರ್ಷವಾದಾಗ ಆಕೆ ಕೆಲಸ ಬಿಟ್ಟು ಹೋದಳು. ಆ ನಷ್ಟವನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. 1969ರಿಂದ 1980ರ ನಡುವೆ ಮೂರು ಸಂಪುಟಗಳಲ್ಲಿ ಅವರು ಪ್ರತಿಪಾದಿಸಿದ ಸಿದ್ಧಾಂತದ ಸಾರ ಇಷ್ಟು: ಮಗು ತಾಯಿಗೆ ಅಂಟಿಕೊಳ್ಳುವುದು ಕೇವಲ ಹಾಲಿಗಾಗಿ ಅಲ್ಲ. ಹೆದರಿದಾಗ ಓಡಿ ಸೇರಲು, ಹೆದರಿಕೆ ಹೋದ ಮೇಲೆ ಮತ್ತೆ ಹೊರಟು ಲೋಕವನ್ನು ನೋಡಲು, ಅದಕ್ಕೆ ಒಬ್ಬ ವ್ಯಕ್ತಿ ಬೇಕು. ಇದು ಹಸಿವಿನಷ್ಟೇ ಮೂಲಭೂತವಾದ ಅಗತ್ಯ. ನಮ್ಮ ಮೀನುಗಾರಿಕಾ ದೋಣಿಗಳನ್ನು ನೋಡಿ. ಬಂದರು ಇದೆಯೆಂಬ ಭರವಸೆಯಿಂದಲೇ ಅವು ಆಳಸಮುದ್ರಕ್ಕೆ ಹೋಗುತ್ತವೆ. ಬಂದರು ಇರುವುದರಿಂದ ದೋಣಿ ಹೇಡಿಯಾಗುವುದಿಲ್ಲ. ಹಾಗೆಯೇ, ಎತ್ತಿಕೊಂಡರೆ ಮಗು ಹಾಳಾಗುತ್ತದೆಂಬ ನಂಬಿಕೆಗೂ ಆಧಾರವಿಲ್ಲ.

ಈ ಸಿದ್ಧಾಂತಕ್ಕೆ ಕಣ್ಣಿಗೆ ಕಾಣುವ ಆಧಾರ ಒದಗಿಸಿದವರು ಮೇರಿ ಐನ್ಸ್‌ವರ್ತ್. ಅವರ ಅಧ್ಯಯನ ಆರಂಭವಾದದ್ದು ಪಾಶ್ಚಾತ್ಯ ಪ್ರಯೋಗಶಾಲೆಯಲ್ಲಲ್ಲ. ಆಫ್ರಿಕದ ಉಗಾಂಡದಲ್ಲಿ, ಕಂಪಾಲದ ಸುತ್ತಲಿನ ಹಳ್ಳಿಗಳಲ್ಲಿ. 1954ರಲ್ಲಿ ಅಲ್ಲಿಗೆ ಹೋದ ಅವರು 26 ಕುಟುಂಬಗಳ 28 ಶಿಶುಗಳನ್ನು ಮನೆಮನೆಗೆ ಹೋಗಿ ತಿಂಗಳುಗಟ್ಟಲೆ ಗಮನಿಸಿದರು. ಬಳಿಕ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳನ್ನು ಮಗುವಿನ ಮೊದಲ ವರ್ಷವಿಡೀ ಗಮನಿಸಿದರು. ಮಗುವಿಗೆ ಒಂದು ವರ್ಷವಾದಾಗ ಒಂದು ಚಿಕ್ಕ ಪರೀಕ್ಷೆ ಮಾಡಿದರು. ಅದಕ್ಕೆ 'ಅಪರಿಚಿತ ಸನ್ನಿವೇಶ' ಎಂದು ಹೆಸರು. ಆಟಿಕೆಗಳಿರುವ ಹೊಸ ಕೋಣೆಗೆ ತಾಯಿ ಮತ್ತು ಮಗು ಬರುತ್ತಾರೆ. ಒಬ್ಬ ಅಪರಿಚಿತ ಮಹಿಳೆ ಬರುತ್ತಾಳೆ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳುತ್ತಾಳೆ. ಮತ್ತೊಮ್ಮೆ ಹೋಗುತ್ತಾಳೆ, ಮತ್ತೆ ಮರಳುತ್ತಾಳೆ. ಎಲ್ಲವೂ ಸೇರಿ ಸುಮಾರು ಇಪ್ಪತ್ತು ನಿಮಿಷ.

ತಾಯಿ ಹೋದಾಗ ಮಗು ಅತ್ತಿತೇ ಇಲ್ಲವೇ ಎಂಬುದೇ ಮುಖ್ಯವೆಂದು ನಾವು ಭಾವಿಸಬಹುದು. ಆದರೆ ಐನ್ಸ್‌ವರ್ತ್ ಹೆಚ್ಚು ಗಮನವಿಟ್ಟದ್ದು ಇನ್ನೊಂದರ ಮೇಲೆ: ತಾಯಿ ಮರಳಿದಾಗ ಮಗು ಏನು ಮಾಡಿತು?

ಹೆಚ್ಚಿನ ಮಕ್ಕಳು ತಾಯಿಯತ್ತ ಬಂದರು, ಎತ್ತಿಕೊಂಡಾಗ ಅಪ್ಪಿಕೊಂಡರು, ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿದರು. ಇದು ಸುರಕ್ಷಿತ ಬಾಂಧವ್ಯ. ಈ ಮಕ್ಕಳಲ್ಲಿ ಜೋರಾಗಿ ಅತ್ತವರೂ ಇದ್ದರು, ಅಳದವರೂ ಇದ್ದರು. ಇನ್ನು ಕೆಲವರು, ತಾಯಿ ಹೋದಾಗಲೂ ಅಳಲಿಲ್ಲ, ಬಂದಾಗಲೂ ತಿರುಗಿ ನೋಡಲಿಲ್ಲ. ಆಟಿಕೆಯಲ್ಲೇ ಕಣ್ಣು ನೆಟ್ಟು ಕುಳಿತರು. ಇದು ದೂರ ಸರಿಯುವ ಬಾಂಧವ್ಯ. ಮತ್ತೆ ಕೆಲವರು ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡರು, ಜೊತೆಗೇ ಸಿಟ್ಟಿನಿಂದ ತಳ್ಳಿದರು. ಎಷ್ಟು ಸಂತೈಸಿದರೂ ಸಮಾಧಾನಗೊಳ್ಳಲಿಲ್ಲ. ಇದು ತಳಮಳದ ಬಾಂಧವ್ಯ. ಮುಂದೆ 1986ರಲ್ಲಿ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ನಾಲ್ಕನೆಯದೊಂದನ್ನು ಗುರುತಿಸಿದರು. ಈ ಮಕ್ಕಳು ತಾಯಿಯತ್ತ ಹೊರಟು ನಡುವೆಯೇ ಸ್ತಬ್ಧರಾಗುತ್ತಾರೆ, ಅಥವಾ ಮುಖ ಅತ್ತ ತಿರುಗಿಸಿಕೊಂಡು ಇತ್ತ ಬರುತ್ತಾರೆ. ಇದು ದಿಕ್ಕುಗೆಟ್ಟ ಬಾಂಧವ್ಯ. ಆಶ್ರಯ ನೀಡಬೇಕಾದ ವ್ಯಕ್ತಿಯೇ ಭಯಕ್ಕೂ ಕಾರಣವಾಗಿರುವ ಮನೆಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ.

ಎರಡನೆಯ ಗುಂಪಿನ ಮಕ್ಕಳನ್ನು ತುಸು ನೆನಪಿಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ 'ಜಾಣ ಮಗು' ಎಂಬ ಪ್ರಶಸ್ತಿ ಸಿಗುವುದು ಇವರಿಗೇ ಅಲ್ಲವೇ? ಆದರೆ 1977ರಲ್ಲಿ ಅಮೆರಿಕದ ಸಂಶೋಧಕರು ಇಂತಹ ಮಕ್ಕಳ ಹೃದಯಬಡಿತವನ್ನು ಅಳೆದು ನೋಡಿದಾಗ, ಹೊರಗೆ ಶಾಂತವಾಗಿದ್ದ ಮಗುವಿನ ಎದೆ ಒಳಗೆ ವೇಗವಾಗಿ ಬಡಿಯುತ್ತಿತ್ತು. ಮಗು ನಿಶ್ಚಿಂತೆಯಿಂದ ಇರಲಿಲ್ಲ, ಅದನ್ನು ತೋರಿಸುತ್ತಿರಲಿಲ್ಲ ಅಷ್ಟೇ. ಬಾಲ್ಟಿಮೋರ್‌ನ ಮನೆಗಳಲ್ಲಿ ಈ ಮಕ್ಕಳ ಹಿನ್ನೆಲೆಯೂ ದಾಖಲಾಗಿತ್ತು. ಅಪ್ಪುಗೆ ಬಯಸಿ ಬಂದಾಗ ಅವರನ್ನು ಮತ್ತೆ ಮತ್ತೆ ದೂರ ಸರಿಸಲಾಗಿತ್ತು. ಹೀಗಾಗಿ ಕೇಳದಿರುವುದೇ ಹತ್ತಿರ ಉಳಿಯುವ ದಾರಿಯೆಂದು ಅವರು ಕಂಡುಕೊಂಡಿದ್ದರು. ಒಂದು ವರ್ಷದ ಮಗು!

ಹಾಗಂತ, ಇಲ್ಲಿಂದ ಮನೆಗೆ ಹೋಗಿ ನಿಮ್ಮ ಮಗುವಿಗೆ ಒಂದು ಹಣೆಪಟ್ಟಿ ಅಂಟಿಸಬೇಡಿ. ಆ ಪರೀಕ್ಷೆ ತರಬೇತಿ ಪಡೆದವರು ಮಾಡುವಂಥದ್ದು. ಅಲ್ಲದೆ, ಇದು ಮಗುವಿನ ಹುಟ್ಟುಗುಣವನ್ನು ಹೇಳುವ ಜಾತಕವಲ್ಲ. ಒಂದೇ ಮಗುವಿಗೆ ತಾಯಿಯೊಂದಿಗೆ ಒಂದು ಬಗೆಯ ಬಾಂಧವ್ಯ, ತಂದೆಯೊಂದಿಗೆ ಇನ್ನೊಂದು ಬಗೆಯದು ಇರಬಹುದು. ಅಂದರೆ, ಇದು ಮಗುವಿನ ವರ್ಣನೆಯಲ್ಲ, ಇಬ್ಬರ ನಡುವಿನ ಸಂಬಂಧದ ವರ್ಣನೆ. ಸಂಬಂಧವಾದ್ದರಿಂದಲೇ ಅದು ಬದಲಾಗಬಲ್ಲದು. 1988ರಲ್ಲಿ ಎಂಟು ದೇಶಗಳ 32 ಅಧ್ಯಯನಗಳನ್ನು, ಸುಮಾರು 2000 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇ. 65ರಷ್ಟು ಮಕ್ಕಳು ಸುರಕ್ಷಿತ ಬಾಂಧವ್ಯದವರು, ಶೇ. 21ರಷ್ಟು ದೂರ ಸರಿಯುವವರು, ಶೇ. 14ರಷ್ಟು ತಳಮಳದವರು ಎಂದು ಕಂಡುಬಂತು. ಆ ಎಂಟು ದೇಶಗಳಲ್ಲಿ ಭಾರತ ಇರಲಿಲ್ಲ. ಒಂದೇ ಅಂಗಳದಲ್ಲಿ ಅಜ್ಜಿ, ಚಿಕ್ಕಮ್ಮ, ಅತ್ತೆಯರ ನಡುವೆ ಬೆಳೆಯುವ ಮಗುವಿಗೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ 60 ಮಕ್ಕಳನ್ನು ಗಮನಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆ ವರ್ಷದ ಹೊತ್ತಿಗೆ ಒಬ್ಬರಿಗೆ ಮಾತ್ರ ಅಂಟಿಕೊಂಡಿದ್ದ ಮಕ್ಕಳು ಕೇವಲ ಶೇ. 13 ಮಂದಿ. ಉಳಿದವರಿಗೆ ತಂದೆ, ಅಜ್ಜಿ, ಅಣ್ಣ, ನೆರೆಯವರು ಹೀಗೆ ಒಬ್ಬರಿಗಿಂತ ಹೆಚ್ಚು ಆಪ್ತರಿದ್ದರು. ಮಗುವಿನ ಎದೆ ಚಿಕ್ಕದು, ಆದರೆ ಅಲ್ಲಿ ಜಾಗ ಬಹಳ.

ಇನ್ನೊಂದು ಅನ್ಯಾಯದ ಬಗ್ಗೆಯೂ ಹೇಳಬೇಕು. ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವರದಿ ಬರೆದದ್ದು ಯುದ್ಧಾನಂತರದ ನಿರ್ಗತಿಕ ಮಕ್ಕಳ ಬಗ್ಗೆ. ಆದರೆ ಅದನ್ನು ಹಿಡಿದುಕೊಂಡು, ದುಡಿಯುವ ತಾಯಂದಿರೆಲ್ಲ ತಪ್ಪಿತಸ್ಥರೆಂದು ಸಾರಿದವರಿದ್ದರು. ಈಗಲೂ ಇದ್ದಾರೆ. 1991ರಿಂದ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಅಧ್ಯಯನ 1997ರಲ್ಲಿ ಹೇಳಿದ್ದೇನು? ಮಗು ಹಗಲು ಬೇರೆಯವರ ಆರೈಕೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ತಾಯಿಯೊಂದಿಗಿನ ಬಾಂಧವ್ಯ ಕೆಡುವುದಿಲ್ಲ. ತಾಯಿಯ ಸ್ಪಂದನೆ ಕಡಿಮೆಯಿದ್ದು, ಆರೈಕೆಯ ಗುಣಮಟ್ಟವೂ ಕಳಪೆಯಾಗಿದ್ದಾಗ ಅಪಾಯ ಹೆಚ್ಚುತ್ತದೆ. ಮೊರದ ತುಂಬ ಬೀಡಿ ಎಲೆ ಇಟ್ಟುಕೊಂಡು, ಕಾಲಲ್ಲಿ ತೊಟ್ಟಿಲು ತೂಗುತ್ತಾ ಮಕ್ಕಳನ್ನು ಸಾಕಿದ ತಾಯಂದಿರು ನಮ್ಮ ಈ ಜಿಲ್ಲೆಗಳಲ್ಲಿ ಎಷ್ಟಿಲ್ಲ! 2017ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಒಳ್ಳೆಯದೇ. ಆದರೆ ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಪಡೆಯುವ ತಾಯಿಗೆ ಮನೆಯೇ ಕಾರ್ಖಾನೆ. ಆಕೆಗೆ ರಜೆ ಕೊಡುವವರು ಯಾರು? ಮಗುವಿನತ್ತ ನೋಡಲು ತಾಯಿಗೆ ಬಿಡುವು ಬೇಕು, ಬಿಡುವಿಗೆ ನ್ಯಾಯವಾದ ಕೂಲಿ ಬೇಕು. ಅದನ್ನು ಕೇಳದವರಿಗೆ ಆಕೆಯನ್ನು ದೂಷಿಸುವ ಹಕ್ಕಿಲ್ಲ.

ಮಗುವಿನ ಅಳುವಿಗೆ ಓಗೊಡುವುದು ನಮಗೆ ಹೊಸ ಪಾಠವೇನಲ್ಲ. ಪ್ರವಾದಿಯವರು(ಸ) ದೀರ್ಘವಾಗಿ ನಮಾಜ್ ನಿರ್ವಹಿಸಬೇಕೆಂದು ನಿಂತಿದ್ದಾಗ ಮಗುವೊಂದರ ಅಳು ಕೇಳಿದರೆ, ಅದರ ತಾಯಿಗಾಗುವ ಸಂಕಟವನ್ನು ನೆನೆದು ನಮಾಜನ್ನು ಚಿಕ್ಕದಾಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುತ್ತಿಕ್ಕಿಲ್ಲವೆಂದ ಅಕ್ರಅ್ ಬಿನ್ ಹಾಬಿಸ್‌ರಿಗೆ, ಕರುಣೆ ತೋರದವನಿಗೆ ಕರುಣೆ ಸಿಗದೆಂಬ ಎಚ್ಚರಿಕೆಯನ್ನು ಅವರು ನೀಡಿದ್ದೂ ನಮಗೆಲ್ಲ ತಿಳಿದಿದೆ. ತಿಳಿದಿದೆ ಎಂಬುದೇ ಸಮಸ್ಯೆ. ಮಸೀದಿಯಲ್ಲಿ ಮಗು ಅತ್ತರೆ ತಂದೆಯತ್ತ ಕೆಂಗಣ್ಣು ಬೀರುವವರೂ ನಾವೇ.

ಈಗ ರಜೆಯಲ್ಲಿ ಬರುವ ತಂದೆಯ ವಿಷಯಕ್ಕೆ ಮರಳೋಣ. ವಿಮಾನ ನಿಲ್ದಾಣದಲ್ಲಿ ಮಗು ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದರೆ ತಂದೆಯ ಎದೆ ಒಡೆಯುತ್ತದೆ. "ಬಾಪನ ಹತ್ತಿರ ಹೋಗು" ಎಂದು ಎಲ್ಲರೂ ಒತ್ತಾಯಿಸುತ್ತಾರೆ, ಮಗುವನ್ನು ಗದರಿಸುವವರೂ ಇದ್ದಾರೆ. ಸಹೋದರರೇ, ಆ ಮಗು ತಪ್ಪು ಮಾಡುತ್ತಿಲ್ಲ. ಮೊದಲ ವರ್ಷದ ಉತ್ತರಾರ್ಧದಿಂದ ಹೊಸ ಮುಖಕ್ಕೆ ಅಂಜುವುದು ಸಹಜ ಬೆಳವಣಿಗೆ. ಅಂಜಿದಾಗ ಅದು ತಾಯಿಯನ್ನು ಅಪ್ಪಿಕೊಂಡಿತೆಂದರೆ ಅದಕ್ಕೊಂದು ಬಂದರು ಇದೆಯೆಂದರ್ಥ. ಅದಕ್ಕಾಗಿ ಅಲ್‌ಹಮ್ದುಲಿಲ್ಲಾಹ್ ಎನ್ನಿ. ಕೈಚಾಚಿ ಕಸಿದುಕೊಳ್ಳಬೇಡಿ. ನೆಲದ ಮೇಲೆ ಕುಳಿತುಕೊಳ್ಳಿ. ಚಾಕಲೇಟಿನ ಪೆಟ್ಟಿಗೆಗಿಂತ ಮೊದಲು ನಿಮ್ಮ ಸಮಯವನ್ನು ಬಿಚ್ಚಿಡಿ. ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ರಾತ್ರಿ ಅತ್ತಾಗ ಎತ್ತಿಕೊಳ್ಳುವುದು, ಇಂತಹ ದಿನನಿತ್ಯದ ಕೆಲಸಗಳಿಂದಲೇ ಬಾಂಧವ್ಯ ಹುಟ್ಟುತ್ತದೆ. ರಕ್ತಸಂಬಂಧವನ್ನು ಮಗು ಓದಲಾರದು, ಕೈಗಳನ್ನು ಓದುತ್ತದೆ.

ಹೊರಡುವ ದಿನ ಮಗುವಿಗೆ ತಿಳಿಸಿಯೇ ಹೊರಡಿ. ಅದು ಅಳುತ್ತದೆ. ಅಳಲಿ. ತಾಯಿಯ ಮಡಿಲಲ್ಲಿ ಕುಳಿತು ಅಳುವ ಮಗು ದುಃಖಿಸುತ್ತಿದೆ ನಿಜ, ಆದರೆ ಒಂಟಿಯಾಗಿಲ್ಲ. ನಿದ್ರೆಯಲ್ಲಿರುವಾಗ ಮಾಯವಾದರೆ, ನಿದ್ರಿಸುವುದೇ ಅಪಾಯವೆಂದು ಅದು ತಿಳಿಯಬಹುದು. "ಅಂಗಡಿಗೆ ಹೋಗಿದ್ದಾರೆ" ಎಂದರೆ, ನಾಳೆ ನೀವು ನಿಜವಾಗಿಯೂ ಅಂಗಡಿಗೆ ಹೊರಟಾಗ ಅದು ನಂಬುವುದೆಂತು? ತಂದೆ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ, ಮರಳಿ ಬರುತ್ತಾರೆ, ಪ್ರತಿದಿನ ಮಾತನಾಡುತ್ತಾರೆ: ಈ ಸತ್ಯ ಎರಡೂವರೆ ವರ್ಷದ ಮಗುವಿಗೂ ಸಾಕು. ಮತ್ತು ಆ ಕರೆಯನ್ನು ಹೇಳಿದ ಹೊತ್ತಿಗೇ ಮಾಡಿ.

ಇನ್ನೊಂದು ವಿನಂತಿ. "ಗೋಣಿಯವನಿಗೆ ಕೊಟ್ಟುಬಿಡುತ್ತೇನೆ", "ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ" ಎಂಬ ಮಾತುಗಳನ್ನು ಬಿಟ್ಟುಬಿಡಿ. ನಮಗದು ತಮಾಷೆ. ಆದರೆ ತ್ಯಜಿಸುವ ಬೆದರಿಕೆ ಮಗುವಿಗೆ ಹೊಡೆತಕ್ಕಿಂತ ಕಡಿಮೆಯದಲ್ಲ. ಬೌಲ್ಬಿ ಇದರ ಬಗ್ಗೆ ವಿಶೇಷವಾಗಿ ಎಚ್ಚರಿಸಿದ್ದರು.

ಇಷ್ಟೆಲ್ಲ ಕೇಳಿ, "ನಾವು ಎಷ್ಟೋ ಸಲ ತಪ್ಪಿದ್ದೇವಲ್ಲ" ಎಂದು ತಾಯಂದಿರ ಮುಖ ಬಾಡಿರುವುದು ಇಲ್ಲಿಂದಲೇ ಕಾಣುತ್ತಿದೆ. ನಾವೂ ತಪ್ಪಿದ್ದೇವೆ. ಬರವಣಿಗೆಯ ನಡುವೆ ಮೊಣಕಾಲು ಹಿಡಿದ ಮಗಳನ್ನು ಕಣ್ಣೆತ್ತದೆ ಸರಿಸಿದ್ದೇವೆ. ಆದರೆ ಸಂಶೋಧಕ ಎಡ್ ಟ್ರಾನಿಕ್ ತಾಯಿ ಮಗುವಿನ ಆಟವನ್ನು ಕ್ಷಣಕ್ಷಣವಾಗಿ ಪರಿಶೀಲಿಸಿದಾಗ ಕಂಡದ್ದು ಸಮಾಧಾನದ ವಿಷಯ: ಒಳ್ಳೆಯ ಜೋಡಿಗಳಲ್ಲೂ ಬಹುಪಾಲು ಹೊತ್ತು ತಾಳ ತಪ್ಪಿರುತ್ತದೆ. ಬಾಂಧವ್ಯವನ್ನು ಕಟ್ಟುವುದು ತಪ್ಪದೆ ಇರುವುದಲ್ಲ, ತಪ್ಪಿದ ಮೇಲೆ ಮತ್ತೆ ಬಂದು ಸೇರುವುದು. ಸಿಟ್ಟಿನಿಂದ ಗದರಿಸಿದ ಮೇಲೆ ಹತ್ತಿರ ಕರೆದು, "ತಪ್ಪಾಯಿತು ಮಗಾ" ಎನ್ನುವುದರಿಂದ ಹಿರಿತನಕ್ಕೆ ಕುಂದಿಲ್ಲ.

ಕೊನೆಯದಾಗಿ ಸಮುದಾಯದ ಹೊಣೆಯ ಬಗ್ಗೆ ಒಂದು ಮಾತು. 2000ದಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಪುಟ್ಟ ಮಕ್ಕಳ ಅಧ್ಯಯನ ಆರಂಭವಾಯಿತು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಕುಟುಂಬಗಳಿಗೆ ಕೊಡಲಾಯಿತು. ಆ ಅನಾಥಾಲಯಗಳಲ್ಲಿ ಸಂಶೋಧಕರನ್ನು ಬೆಚ್ಚಿಬೀಳಿಸಿದ್ದು ಅಳುವಲ್ಲ, ನಿಶ್ಶಬ್ದ. ಅತ್ತರೂ ಯಾರೂ ಬಾರದ ಕಡೆ ಶಿಶುಗಳು ಅಳುವುದನ್ನೇ ಬಿಟ್ಟಿದ್ದವು. ಕುಟುಂಬ ಸೇರಿದ ಮಕ್ಕಳು ಚೇತರಿಸಿಕೊಂಡರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲು ಸೇರಿದವರು ಹೆಚ್ಚು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಮಾರ್ಗವಾಗಿರಬೇಕೆನ್ನುತ್ತದೆ. ಯತೀಂಖಾನಾಗಳಿಗೆ ನಾವು ಉದಾರವಾಗಿ ಕೊಡುತ್ತೇವೆ. ಅವು ಅನೇಕರನ್ನು ಬೀದಿಯಿಂದ ರಕ್ಷಿಸಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಾಯಿ ಬದುಕಿದ್ದೂ ಕೇವಲ ಬಡತನದಿಂದಾಗಿ ಅಲ್ಲಿಗೆ ಸೇರುವ ಮಗುವಿನ ಬಗ್ಗೆ ಯೋಚಿಸಿದ್ದೇವೆಯೇ? ಕಟ್ಟಡದ ಹೊಸ ಮಹಡಿಗೆ ಕೊಡುವ ಹಣದಲ್ಲಿ ಎಷ್ಟು ವಿಧವೆಯರು ತಮ್ಮ ಮಕ್ಕಳನ್ನು ತಮ್ಮ ಮಡಿಲಲ್ಲೇ ಸಾಕಬಹುದು? ಈ ಲೆಕ್ಕವನ್ನು ಪ್ರತಿ ಜಮಾಅತ್ ಕಮಿಟಿಯೂ ಒಮ್ಮೆ ಹಾಕಿ ನೋಡಲಿ.

ಇಂದು ಸಂಜೆ ನೀವು ಮನೆಗೆ ಮರಳಿದಾಗ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿ. ಕೈಯಲ್ಲಿರುವ ಮೊಬೈಲನ್ನು ಜೇಬಿಗೆ ಹಾಕಿ. ಮಗು ಓಡಿ ಬಂದರೆ ಎತ್ತಿಕೊಳ್ಳಿ. ಬಾರದಿದ್ದರೆ ಬೇಸರಿಸದೆ ಅದರ ಪಕ್ಕ ಹೋಗಿ ಕುಳಿತುಕೊಳ್ಳಿ. ಇಂದು ಬಾರದ ಮಗು, ನೀವು ಪ್ರತಿದಿನ ಹೀಗೆ ಬಂದು ಕುಳಿತರೆ, ಮುಂದೊಂದು ದಿನ ಬಂದೀತು.

ನಮ್ಮ ಮಕ್ಕಳು ನಿರ್ಭಯವಾಗಿ ಮರಳಿ ಬರಬಹುದಾದ ಬಾಗಿಲುಗಳಾಗಿ ಅಲ್ಲಾಹನು ನಮ್ಮನ್ನು ಮಾಡಲಿ ಎಂದು ಪ್ರಾರ್ಥಿಸುತ್ತಾ ಮಾತು ಮುಗಿಸುತ್ತೇವೆ. ವಸ್ಸಲಾಮ್.